ಉಂಡೆಬಾಲವನ್ನು ಯಾರು ತಿನ್ನಬೇಕು

ಸಹೃದಯರಾದ ವಾಚಕ ಮಹಾಶಯರೇ, ಮುಂದೆ ಬರುವ ಕಥನದಲ್ಲಿ ಹುಲಿಯಿಲ್ಲ, ಜಿಂಕೆಯಿಲ್ಲ. ಇರುವ ಮೃಗಗಳಾವುವೂ ಭೂಮಿಯ ಮೇಲೆ ಹುಟ್ಟಿದವಲ್ಲ. ಅವು ಕಂಪ್ಯೂಟರಿನ ಪರದೆಯೊಳಗೆ ಹುಟ್ಟಿ, ಅಲ್ಲಿಯೇ ಮೇದು, ಬೇಟೆಯಾಡಿ, ಅಲ್ಲಿಯೇ ಮಣ್ಣಾಗುವಂಥವು. ಆದರೂ ಅವುಗಳ ಹಸಿವಿನ ದೆಸೆಯಿಂದ ಒಬ್ಬ ತಂದೆಗೆ ಒದಗಿದ ಸಂಕಟವನ್ನು ಕೇವಲ ಆಟವೆಂದು ತಾವು ತಳ್ಳಿಹಾಕಲಾಗದು. ಕಚೇರಿಯಿಂದ ಕಚೇರಿಗೆ ಅಲೆದು ಮುರುಕು ಕುರ್ಚಿಗಳನ್ನು ರಿಪೇರಿ ಮಾಡುವ ನಾನು, ನೆಲದ ಮೇಲೆ ಕುಳಿತು ಕಂಡದ್ದನ್ನೂ ಟೀ ಕುಡಿಯುವಾಗ ಆ ತಂದೆಯೇ ಹೇಳಿದ್ದನ್ನೂ ಕೂಡಿಸಿ ಇಲ್ಲಿ ನಿವೇದಿಸಿದ್ದೇನೆ.

ಅವನನ್ನು ಎಲ್ಲರೂ ಬಾಣಸಿಗ ಎಂದೇ ಕರೆಯುತ್ತಿದ್ದರು. ಒಲೆಗೂ ಅವನಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಮನೆಯಲ್ಲಿ ಹಾಲು ಕಾಯಿಸಲು ನಿಂತರೆ ಉಕ್ಕಿಸದೆ ಇಳಿಸಿದ ದಿನವಿಲ್ಲ. ಆದರೆ ವಿಡಿಯೊ ಆಟಗಳನ್ನು ತಯಾರಿಸುವ ಆ ಕಚೇರಿಯಲ್ಲಿ ಯಾವ ಪ್ರಾಣಿ ಯಾವುದನ್ನು ತಿನ್ನಬೇಕೆಂದು ನಿರ್ಧರಿಸುವ ಉದ್ಯೋಗ ಅವನದಾಗಿತ್ತು. ಪ್ರತಿಯೊಂದಕ್ಕೂ ಅವನು ಒಂದೊಂದು ‘ತಟ್ಟೆ’ ಬರೆದಿದ್ದ. ಬೆಂಕಿಯ ಬಣ್ಣದ ಕೇಸರವುಳ್ಳ ಕೆಂಜಡೆಯ ತಟ್ಟೆಯಲ್ಲಿ ಉದ್ದಕಾಲಿನ ಕೋಲ್ಗೊರಸು. ಕೋಲ್ಗೊರಸಿನ ತಟ್ಟೆಯಲ್ಲಿ ಹೊಳೆದಂಡೆಯ ನೀಲಿ ಪಾಚಿ. ಸತ್ತ ಕೆಂಜಡೆಯ ಮೂಳೆಗಳು, ಕಲ್ಲಿನಂತೆ ಬಿದ್ದುಕೊಂಡಿರುವ ಬಂಡೆಬಾಯಿ ಎಂಬ ಪ್ರಾಣಿಗೆ. ಬಂಡೆಬಾಯಿ ಅಗಿದು ಉಗುಳಿದ ಪುಡಿಯಿಂದ ಮತ್ತೆ ಪಾಚಿ. ಹೀಗೆ ಒಂದು ಕಣಿವೆಗೆ ಕಣಿವೆಯೇ ಅವನ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿತ್ತು.

ಸಂಜೆ ಮನೆಗೆ ಹೊರಡುವ ಮುನ್ನ ಆ ಕಣಿವೆಯನ್ನು ಅದರ ಪಾಡಿಗೆ ಬಿಟ್ಟುಹೋಗುವುದು ಅಲ್ಲಿಯ ಪದ್ಧತಿ. ಆಡುವವರಿಲ್ಲದೆ ಕಾಲವು ನಾಗಾಲೋಟದಲ್ಲಿ ಓಡಿ, ಬೆಳಗಾಗುವಷ್ಟರಲ್ಲಿ ಪ್ರಾಣಿಗಳ ಹಲವು ತಲೆಮಾರುಗಳು ಕಳೆದಿರುತ್ತಿದ್ದವು. ಬೆಳಗ್ಗೆ ಬಂದವರೆಲ್ಲ ಕೇಳುವ ಮಾತು ಒಂದೇ: “ಬಾಣಸಿಗರೇ, ಎಲ್ಲರ ಊಟ ಆಯ್ತಾ?” ಯಾವ ಜಾತಿಯೂ ನಶಿಸಿರದಿದ್ದರೆ ಅವನು “ಆಯ್ತು” ಎನ್ನುವನು. ಟೀ ಬರುವುದು ಆಮೇಲೆ.

ಆ ಬೆಳಗ್ಗೆ ಅವನು ಉತ್ತರಿಸಲಿಲ್ಲ.

“ಏನಣ್ಣ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀರಾ?” ಎಂದ ದನಿಗಾರ. ಪ್ರಾಣಿಗಳಿಗೆ ಧ್ವನಿ ಕೂಡಿಸುವವನು ಅವನು. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಉಜ್ಜಿ ಕೆಂಜಡೆಯ ಗರ್ಜನೆ ಹುಟ್ಟಿಸಿದ ಭೂಪ. ನಗುತ್ತಲೇ ಪರದೆಯತ್ತ ಬಗ್ಗಿದವನು ನಗು ನುಂಗಿಕೊಂಡ.

ಹೊಳೆದಂಡೆಯ ಪಾಚಿಯನ್ನು ಬಂಡೆ ಕಾಣುವಂತೆ ನೆಕ್ಕಿಬಿಡಲಾಗಿತ್ತು. ಕೋಲ್ಗೊರಸುಗಳು ಒಂದೂ ಇರಲಿಲ್ಲ. ಪಕ್ಕೆಲುಬು ಎಣಿಸಬಹುದಾದಂಥ ಕೆಂಜಡೆಯೊಂದು ಮರಿಯನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿತ್ತು. ಉಳಿದಂತೆ ಕಣ್ಣು ಹಾಯ್ದಲ್ಲೆಲ್ಲ ಅದೇ ಪಾಚಿ ಮೇಯುವ ಉಂಡೆಬಾಲಗಳು: ಹತ್ತಿಯ ಮುದ್ದೆಯಂಥ ಮೈ, ನಿಂಬೆಹಣ್ಣಿನಂಥ ಬಾಲ, ಆರು ಕಾಲು. ಅವು ಕೆಂಜಡೆಯ ಮೂಗಿನ ಮುಂದೆಯೇ ಸುಳಿದಾಡುತ್ತ ಬಿಕ್ಕಳಿಸುತ್ತಿದ್ದವು. ಹಿಕ್. ಹಿಕ್.

ಕತ್ತರಿ ಬಂದಳು. ಬೇಡದ್ದನ್ನು ಕತ್ತರಿಸಿ ಎಸೆಯುವುದರಲ್ಲಿ ನಿಸ್ಸೀಮಳಾದ ಅಲ್ಲಿಯ ಮುಖ್ಯಸ್ಥೆ. ಎದುರಿಗೇ ಹಾಗೆ ಕರೆದರೂ ಬೇಸರಿಸದವಳು.

“ಈ ಉಂಡೆಬಾಲನ ಯಾರು ತಿಂತಾರೆ?”

“ಯಾರೂ ಇಲ್ಲ,” ಎಂದ ಬಾಣಸಿಗ.

“ಯಾರ ತಟ್ಟೇಲೂ ಇಲ್ವಾ?”

“ನಾನು ಹಾಕಿಲ್ಲ.”

ಅವಳಿಗೆ ತಟ್ಟನೆ ನೆನಪಾಯಿತು. ಉಂಡೆಬಾಲವನ್ನು ಬರೆದವಳು ಬಾಣಸಿಗನ ಮಗಳು. ಶಾಲೆಗೆ ರಜೆಯಿದ್ದ ದಿನ ಅಪ್ಪನ ಜೊತೆ ಕಚೇರಿಗೆ ಬಂದು, ಅವನ ಮೇಜಿನ ಕೆಳಗೆ ಹೊಟ್ಟೆಯಡಿಯಾಗಿ ಮಲಗಿ, ಬಣ್ಣದ ಕಡ್ಡಿಯಿಂದ ಬಿಡಿಸಿದ್ದಳು. ಆರು ಕಾಲು ಏಕೆಂದು ಕೇಳಿದಾಗ, “ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ ಓಡೋಕೆ. ನಾಲ್ಕು ಸಾಕಾಗಲ್ಲ ಅಪ್ಪ,” ಎಂದಿದ್ದಳು. “ಇದನ್ನ ಯಾರೂ ಅಟ್ಟಲ್ಲ, ಯಾರೂ ತಿನ್ನಲ್ಲ,” ಎಂದು ಅವನು ಅವಳ ಪುಟ್ಟ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ದನಿಗಾರನ ಮೈಕಿನ ಮುಂದೆ ಕೂಗೆಂದು ನಿಲ್ಲಿಸಿದರೆ ನಗು ತಡೆಯಲಾರದೆ ಅವಳಿಗೆ ಬಿಕ್ಕಳಿಕೆ ಹತ್ತಿತು; ಆ ಬಿಕ್ಕಳಿಕೆಯೇ ಪ್ರಾಣಿಯ ಕೂಗಾಯಿತು. ಮುಂದಿನ ಚಳಿಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವಳು ಮರಳಿ ಮನೆಗೆ ಬರಲಿಲ್ಲ.

ಕತ್ತರಿ ಕುರ್ಚಿ ಎಳೆದು ಅವನ ಪಕ್ಕ ಕುಳಿತಳು. “ನೋಡಣ್ಣ, ಬೈಯೋಕೆ ಬಂದಿಲ್ಲ ನಾನು. ತಿನ್ನೋ ಬಾಯಿ ಇನ್ನೊಂದು ಬಾಯಿಗೆ ತುತ್ತಾಗ್ಬೇಕು ಅಂತ ನನಗೆ ಹೇಳ್ಕೊಟ್ಟೋರೇ ನೀವು. ಒಂದೋ ಇದನ್ನ ಯಾರದಾದ್ರೂ ತಟ್ಟೆಗೆ ಹಾಕಿ, ಇಲ್ಲ ಕಣಿವೆಯಿಂದಲೇ ತೆಗೆದುಬಿಡೋಣ. ಈ ವಾರ ಆಟ ಹೊರಗೆ ಹೋಗ್ಲೇಬೇಕು.”

“ಬೇರೆ ದಾರಿ ನೋಡ್ತೀನಿ.”

“ನೋಡಿ. ಬೇಡ ಅನ್ನಲ್ಲ.”

ಅವನು ನೋಡದ ದಾರಿ ಉಳಿಯಲಿಲ್ಲ. ಪಾಚಿಯನ್ನು ಹೆಚ್ಚಿಸಿದ, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಂತಾಯಿತು, ಉಂಡೆಬಾಲಗಳೂ ಅಷ್ಟೇ ಹೆಚ್ಚಿದವು. ಮರಿ ಹಾಕುವುದನ್ನು ತಗ್ಗಿಸಿದ. ಇದ್ದವು ಮುದಿಯಾಗಿ ಒಂದೊಂದೇ ಉರುಳಿ, ಬೆಳಗ್ಗೆ ಬಂದಾಗ ಬೀಜಕ್ಕೂ ಒಂದಿರಲಿಲ್ಲ. ಕೊನೆಗೆ ಏನನ್ನೂ ತಿದ್ದದೆ ಮೊದಲಿನಂತೆಯೇ ಬಿಟ್ಟು, ಇನ್ನಷ್ಟು ಹೆಚ್ಚು ಕಾಲ ಓಡಲೆಂದು ಕಾದ. ಮರುದಿನ ಬಾಗಿಲು ತೆರೆದಾಗ ಕಣಿವೆಯಿಂದ ಒಂದು ಸದ್ದೂ ಕೇಳಲಿಲ್ಲ. ಕೆಂಜಡೆಗಳು ಎಂದೋ ಮುಗಿದಿದ್ದವು. ಉಂಡೆಬಾಲಗಳು ಬೋಳುಬಂಡೆಗಳ ಸುತ್ತ, ಒಂದಕ್ಕೊಂದು ಒತ್ತಿಕೊಂಡು, ಹಸಿವಿನಿಂದಲೇ ಸತ್ತು ಬಿದ್ದಿದ್ದವು. ಯಾರ ಹಲ್ಲಿಗೂ ಸಿಗದಂತೆ ಅವನು ಕಾಪಾಡಿದ ಮೈಗಳಲ್ಲಿ ಒಂದು ಗಾಯವೂ ಇರಲಿಲ್ಲ.

ಎಂದಿಗಿಂತ ಬೇಗನೆ ಅವನು ಮನೆಗೆ ಹೋದ. ಹೆಂಡತಿ ಕಿಟಕಿಯ ಬೆಳಕಿಗೆ ಕುಳಿತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಬಟ್ಟೆ ಕಾರ್ಖಾನೆಯಿಂದ ತಂದ ಕೆಲಸ. ಉಂಡೆಬಾಲವನ್ನು ಅವಳು ಈವರೆಗೆ ಒಮ್ಮೆಯೂ ನೋಡಿರಲಿಲ್ಲ, ನೋಡುವೆನೆಂದೂ ಅಂದಿರಲಿಲ್ಲ.

“ಯಾಕ್ರೀ, ಶಾಲೆಗೆ ತಡವಾಗಿ ಬಂದೋರ ಹಾಗೆ ಬಾಗಿಲಲ್ಲೇ ನಿಂತ್ರಿ?”

ಅವನು ಎಲ್ಲವನ್ನೂ ಹೇಳಿದ. ಕೊನೆಗೆ ತಡವರಿಸಿ, “ಕೆಂಜಡೆಯ ತಟ್ಟೆಗೆ ಹಾಕಿದ್ರೆ ಅದಕ್ಕೊಂದು ಕೂಗು ಬೇಕಂತೆ. ಸಾಯುವಾಗಿನ ಕೂಗು. ದನಿಗಾರ ಕೇಳ್ದ,” ಎಂದ.

ಸೂಜಿ ನಿಂತಿತು. “ಅವಳ ದನೀಲೇ?”

“ಒಂದು ಪ್ರಾಣಿಗೆ ಒಂದೇ ಗಂಟಲು.”

“ಅವಳು ಅತ್ತಿದ್ದು ನನ್ನ ಫೋನಲ್ಲಿದೆ. ಇಂಜೆಕ್ಷನ್ ಕೊಟ್ಟ ದಿನದ್ದು. ಕೇಳೋಕೂ ಆಗಲ್ಲ, ಅಳಿಸೋಕೂ ಆಗಲ್ಲ.” ಅವಳು ಅಂಗಿಯನ್ನು ಮಡಿಲಲ್ಲಿ ಮುದುರಿಕೊಂಡಳು. “ಅದನ್ನ ಕೊಡಲ್ಲ ರೀ.”

“ಕೇಳೋಕೆ ಬಂದಿಲ್ಲ. ಅವಳಿಗೆ ಮಾತು ಕೊಟ್ಟಿದ್ದೆ ನಾನು. ತೆಗೆದುಬಿಟ್ರೆ ಮಾತಾದ್ರೂ ಉಳಿಯುತ್ತೆ ಅಂತ...”

“ಮಾತು ಉಳಿಯುತ್ತೆ. ಅವಳು?”

ಕೆಳಗಿನ ಬೀದಿಯಲ್ಲಿ ಯಾರೋ ಅಂಗಡಿಯ ಶಟರ್ ಎಳೆದರು.

“ಅಲ್ಲಿ ಇನ್ನೂ ಬಿಕ್ಕಳಿಸ್ತಾಳಾ?” ಎಂದಳು.

“ದಿನವಿಡೀ.”

“ನಾನು ನೆನೆಸ್ಕೋತಾ ಇರ್ತೀನಲ್ಲ. ಅದಕ್ಕೇ ನಿಲ್ಲಲ್ಲ.” ಅವಳು ನಗಲು ಯತ್ನಿಸಿದಳು; ಮುಖ ಒಪ್ಪಲಿಲ್ಲ. “ಮಾತು ಮುರೀರಿ. ಆ ಪಾಪದಲ್ಲಿ ಅರ್ಧ ನನಗಿರಲಿ. ಪೂರ್ತಿ ಇಲ್ಲದ ಹಾಗೆ ಮಾತ್ರ ಮಾಡ್ಬೇಡಿ. ಅದನ್ನ ಒಂದು ಸಲ ನೋಡಿದೀವಿ, ಸಾಕು.”

ಮರುದಿನ ಬಾಣಸಿಗ ಕಣಿವೆಯನ್ನು ಆ ಮೊದಲ ಬೆಳಗಿನ ಸ್ಥಿತಿಗೆ ತಂದು, ಅಳಿದಿದ್ದ ಕೋಲ್ಗೊರಸುಗಳನ್ನೂ ಮತ್ತೆ ಬಿಟ್ಟು, ಕೆಂಜಡೆಯ ತಟ್ಟೆಯಲ್ಲಿ ಕೋಲ್ಗೊರಸಿನ ಕೆಳಗೆ ‘ಉಂಡೆಬಾಲ’ ಎಂದು ಬರೆದ. ಬರೆದ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

“ಕೂಗು?” ಎಂದು ದನಿಗಾರ ಮೆಲ್ಲನೆ ಕೇಳಿದ.

“ಕೂಗು ಬೇಡ. ಬಿಕ್ಕಳಿಕೆ ನಿಂತುಹೋಗ್ಲಿ, ಅಷ್ಟೇ.”

“ಆಡೋರಿಗೆ ಗೊತ್ತಾಗ್ಬೇಕಲ್ಲಣ್ಣ.”

“ಗೊತ್ತಾಗುತ್ತೆ.”

ಪರದೆಯೊಳಗೆ ಬಡಕಲು ಕೆಂಜಡೆ ಮರಿಯನ್ನು ಬಿಟ್ಟು ಎದ್ದಿತು. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಹತ್ತಿರ ಹತ್ತಿರ ಸರಿಯಿತು. ಉಂಡೆಬಾಲ ಮೇಯುವುದನ್ನು ನಿಲ್ಲಿಸಿ, ತಿರುಗಿ, ಅದರ ಮುಖವನ್ನೇ ನೋಡುತ್ತ ನಿಂತಿತು. ಹಿಕ್.

“ಓಡು,” ಎಂದ ಬಾಣಸಿಗ.

ಅದು ಓಡಲಿಲ್ಲ. ಇನ್ನೊಮ್ಮೆ ಬಿಕ್ಕಳಿಸುವಷ್ಟರಲ್ಲಿ ಸದ್ದು ಅರ್ಧಕ್ಕೇ ನಿಂತಿತು.

ಆಗ ಅವನಿಗೆ ಹೊಳೆಯಿತು. ಬೇಟೆಗೆ ಸಿಗುವ ಪ್ರತಿಯೊಂದು ಪ್ರಾಣಿಗೂ ಅವನು ಹೆದರಿಕೆ ಬರೆಯುತ್ತಿದ್ದ: ಯಾರ ವಾಸನೆಗೆ ಕಿವಿ ನಿಮಿರಬೇಕು, ಎಷ್ಟು ದೂರದಲ್ಲಿ ಕಾಲು ಕೀಳಬೇಕು. ಉಂಡೆಬಾಲವನ್ನು ಯಾರೂ ತಿನ್ನಲಾರರೆಂದು ಅದಕ್ಕೆ ಹೆದರಿಕೆಯನ್ನೇ ಬರೆದಿರಲಿಲ್ಲ. ಮಗಳು ಓಡಲೆಂದು ಕೊಟ್ಟ ಆರು ಕಾಲುಗಳು ಇಷ್ಟು ದಿನವೂ ಬರಿಯ ಮೇಯಲು ನಡೆದಿದ್ದವು.

ಅವನು ಇಡೀ ಮಧ್ಯಾಹ್ನ ತಲೆಯೆತ್ತದೆ ಆ ಹೆದರಿಕೆಯನ್ನು ಬರೆದ. ಹುಲ್ಲು ಗಾಳಿಯಿಲ್ಲದೆ ಅಲುಗಿದರೆ ನಿಲ್ಲು. ಕೆಂಪು ಕಂಡರೆ ಕಾಯಬೇಡ. ಒಂಟಿಯಾಗಿ ನೀರಿಗೆ ಹೋಗಬೇಡ. ರಸ್ತೆ ದಾಟುವುದನ್ನು ಮಗಳಿಗೆ ಕಲಿಸುವಾಗ ಬಳಸಿದ ದನಿಯಲ್ಲಿಯೇ ಅವನು ಇದನ್ನೆಲ್ಲ ಗೊಣಗುತ್ತಿದ್ದುದನ್ನು ದನಿಗಾರ ಕೇಳಿಸಿಕೊಂಡ. ಮೈಕನ್ನು ಮಾತ್ರ ಮುಟ್ಟಲಿಲ್ಲ.

ಸಂಜೆ ಮತ್ತೆ ಕೆಂಜಡೆ ಎದ್ದಿತು. ಉಂಡೆಬಾಲಗಳ ಕಿವಿ ನಿಮಿರಿತು. ಕಣಿವೆ ಬಿಳಿಯಾಗಿ ಚೆದುರಿತು. ಆರಾರು ಕಾಲುಗಳು ಕಲ್ಲಿನಿಂದ ಕಲ್ಲಿಗೆ ಹಾರಿ, ಹೊಳೆಯ ನೀರನ್ನು ಎರಚಿ ಓಡಿದವು. ಹಿಂದೆ ಬಿದ್ದ ಒಂದನ್ನು ಕೆಂಜಡೆ ಹಿಡಿಯಿತು. ಕಚ್ಚಿಕೊಂಡು ಮರಿಯ ಮುಂದೆ ತಂದಿಟ್ಟಿತು. ಉಳಿದವು ಬಹುದೂರದ ದಿಬ್ಬದ ಮೇಲೆ ನಿಂತು ಏದುಸಿರು ಬಿಡುತ್ತ ಬಿಕ್ಕಳಿಸಿದವು.

“ಚೆನ್ನಾಗಿ ಓಡ್ತಾವೆ,” ಎಂದಳು ಹಿಂದೆ ನಿಂತಿದ್ದ ಕತ್ತರಿ.

“ನಾಲ್ಕು ಸಾಕಾಗ್ತಿರ್ಲಿಲ್ಲ,” ಎಂದ ಬಾಣಸಿಗ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಒರೆಸುತ್ತಲೇ ಇದ್ದ.

ಬೆಳಗ್ಗೆ ದನಿಗಾರ ಬಾಗಿಲಲ್ಲಿ ನಿಂತು, ಕೇಳಲೋ ಬೇಡವೋ ಎಂಬಂತೆ ಕೇಳಿದ: “ಅಣ್ಣ, ಎಲ್ಲರ ಊಟ ಆಯ್ತಾ?”

ಬಾಣಸಿಗ ಪರದೆಯನ್ನು ಬಹಳ ಹೊತ್ತು ನೋಡಿದ.

“ಆಯ್ತು,” ಎಂದ.

ಟೀ ಬಂತು. ನನಗೂ ಒಂದು ಲೋಟ ಕೊಟ್ಟರು. ನನ್ನ ಕೆಲಸವೂ ಅಷ್ಟಕ್ಕೆ ತೀರಿತ್ತು. ಅವನ ಕುರ್ಚಿಯ ಕೊನೆಯ ಚಕ್ರವನ್ನು ಬಿಗಿದು, ಸ್ಪ್ಯಾನರನ್ನೂ ಎಣ್ಣೆಯ ಡಬ್ಬಿಯನ್ನೂ ಓದುತ್ತಿದ್ದ ಹರಕು ಕಾದಂಬರಿಯನ್ನೂ ಚೀಲಕ್ಕೆ ತುರುಕಿ, ಹೆಗಲಿಗೇರಿಸಿದೆ. ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ಎದುರಾದಳು. ಬೆರಳುಗಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳಿದ್ದವು.

“ಪ್ರಾಣಿಗಳ ಆಟ ಮಾಡೋ ಆಫೀಸು ಇದೇನಾ?” ಎಂದು ಕೇಳಿದಳು.

“ಮೇಲೆ ಹೋಗಿ ತಾಯಿ. ಬಾಗಿಲು ತೆಗೆದಿದೆ,” ಎಂದು ದಾರಿ ಬಿಟ್ಟು, ಬೀದಿಗಿಳಿದು, ಬಸ್ಸು ಯಾವ ಊರಿನದೆಂದು ನೋಡದೆ ಹತ್ತಿದೆ.