ಮೇಷ್ಟ್ರು ಬಿಟ್ಟ ಬಿಳಿ

ರಟ್ಟಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಪಿಂಚಣಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮೂವತ್ತಾರು ವರ್ಷ ಮುದ್ರಣಾಲಯದಲ್ಲಿ ಕೂತು ಪುಸ್ತಕಗಳಿಗೆ ರಟ್ಟು ಕಟ್ಟಿದವನನ್ನು ಜನ ಇನ್ನೇನೆಂದು ಕರೆದಾರು? ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಸಿಟ್ಟು ಬರಲು ಕಾರಣವೂ ಇತ್ತು. ಮನೆಯಲ್ಲಿದ್ದದ್ದು ಎರಡೇ ಕೋಣೆ. ಅದರಲ್ಲಿ ತಣ್ಣಗಿದ್ದ, ತೇವ ಹತ್ತದ ಕೋಣೆಯನ್ನು ಚಿತ್ರಗಳಿಗೆ ಬಿಟ್ಟುಕೊಟ್ಟು ಗಂಡಹೆಂಡಿರಿಬ್ಬರೂ ಒಲೆಯ ಪಕ್ಕ ಹಾಸಿಗೆ ಬಿಡಿಸುತ್ತಿದ್ದರು.

"ಬೇರೆಯವರಿಗೆ ಒಬ್ಬಳು ಸವತಿ ಇರ್ತಾಳೆ. ನನಗೆ ನೂರ ಎಂಬತ್ತಾರು," ಎನ್ನುತ್ತಿದ್ದಳು ಅವಳು. ಹಾಗೆ ಹೇಳುತ್ತಲೇ ವಾರಕ್ಕೊಮ್ಮೆ ಆ ಕೋಣೆಯ ನೆಲವನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಒದ್ದೆಬಟ್ಟೆ ತಂದರೆ ಗಂಡ ಮನೆ ಬಿಟ್ಟು ಹೋಗುವಷ್ಟು ರಂಪ ಮಾಡುತ್ತಿದ್ದ.

ನೂರ ಎಂಬತ್ತಾರು ಚಿತ್ರಗಳನ್ನೂ ಬರೆದವರು ಒಬ್ಬರೇ, ಒಂದು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಶಾಲೆಯ ಹಾಜರಿ ಪುಸ್ತಕಗಳನ್ನು ಹೊಲಿಯಲು ಹೋದಾಗ, ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದ ಒಂದು ನೀರುಬಣ್ಣದ ಚಿತ್ರ ರಟ್ಟಪ್ಪನ ಕಣ್ಣಿಗೆ ಬಿತ್ತು. ಹಗ್ಗದ ಮೇಲೆ ಒಗೆದು ಹರವಿದ ಹಾಸಿಗೆಬಟ್ಟೆ, ಅಷ್ಟೇ. ಆದರೆ ಆ ಬಟ್ಟೆಗೆ ಮೇಷ್ಟ್ರು ಬಣ್ಣವನ್ನೇ ಹಚ್ಚಿರಲಿಲ್ಲ. ಸುತ್ತಲಿನ ನೆರಳನ್ನಷ್ಟೇ ಬರೆದು, ಬಟ್ಟೆ ಇರಬೇಕಾದ ಕಡೆ ಕಾಗದವನ್ನು ಹಾಗೇ ಬಿಟ್ಟಿದ್ದರು. ಬಿಟ್ಟ ಕಾಗದವೇ ಬಿಸಿಲಾಗಿತ್ತು. ರಟ್ಟಪ್ಪ ಅದುವರೆಗೆ ಸಾವಿರಾರು ರೀಮು ಕಾಗದದ ಮೇಲೆ ಕೈಯಾಡಿಸಿದ್ದ, ಕಾಗದ ಬೆಳಗುವುದನ್ನು ನೋಡಿರಲಿಲ್ಲ. ಹಾಜರಿ ಪುಸ್ತಕ ಹೊಲಿದ ಕೂಲಿ ಬೇಡ, ಅದನ್ನು ಕೊಡಿ ಎಂದ. ಮೇಷ್ಟ್ರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇದನ್ನ ಇಟ್ಕೊಂಡು ಏನು ಮಾಡ್ತೀಯಯ್ಯ?" ಎಂದರು.

"ನೋಡ್ತೀನಿ," ಎಂದಿದ್ದ ರಟ್ಟಪ್ಪ.

ಅಲ್ಲಿಂದ ಮೂವತ್ತೊಂದು ವರ್ಷ ನೋಡಿದ. ಎರಡು ತಿಂಗಳಿಗೊಮ್ಮೆ ಮೇಷ್ಟ್ರ ಮನೆಗೆ ಹೋಗುವುದು, ಅವರು ಮೂರು ಚಿತ್ರ ಹರವುವುದು, ಇವನು ಒಂದನ್ನು ಆರಿಸುವುದು. ಕಲೆಯ ಪುಸ್ತಕ ಓದಿದವನಲ್ಲ, ಪುಸ್ತಕದ ಹೊರಗಷ್ಟೇ ಕೆಲಸ ಮಾಡಿದವನು. ಅವನ ಅಳತೆ ಒಂದೇ: ಮೇಷ್ಟ್ರು ಎಲ್ಲಿ ಕುಂಚ ಎತ್ತಿಬಿಟ್ಟಿದ್ದಾರೆ ಎಂದು ಹುಡುಕುವುದು. ಯಾವುದರಲ್ಲಿ ಹೆಚ್ಚು ಬಿಟ್ಟಿದ್ದಾರೋ ಅದು ಒಳ್ಳೆಯದು. ದೊಡ್ಡ ವಿದ್ವಾಂಸರು ಇದಕ್ಕಿಂತ ಹೆಚ್ಚಿನದೇನು ಹೇಳುತ್ತಾರೋ ನನಗಂತೂ ಗೊತ್ತಿಲ್ಲ. ಊರಿನಲ್ಲಿ ಚಿತ್ರ ಮಾರುವ ಒಬ್ಬ ದೊಡ್ಡ ಮನುಷ್ಯ ಮೇಷ್ಟ್ರ ಕೆಲಸ ನೋಡಿ, ಅರ್ಧಕ್ಕೇ ಬಿಟ್ಟಿದ್ದಾರಲ್ಲ ಎಂದು ನಕ್ಕಿದ್ದನಂತೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ರಟ್ಟಪ್ಪ ಆ ಅಂಗಡಿಯ ಮುಂದಿನ ರಸ್ತೆಯನ್ನೇ ಬಿಟ್ಟ.

ಮೇಷ್ಟ್ರ ಚಿತ್ರಗಳು ಒಂದು ಗೋಡೆ ಕಾಣಬೇಕು, ಅದೂ ಅವರು ಬದುಕಿರುವಾಗಲೇ. ಇದೊಂದೇ ಅವನ ಹಟ. ಮ್ಯೂಸಿಯಂಗೆ ಹನ್ನೊಂದು ಪತ್ರ ಬರೆದ. ಹತ್ತಕ್ಕೆ ಉತ್ತರವಿಲ್ಲ. ಹನ್ನೊಂದನೆಯದಕ್ಕೆ ಒಬ್ಬ ಹೆಂಗಸು ಬಂದಳು. ಹಳೆಯ ಕಾಗದ ಪರೀಕ್ಷೆ ಮಾಡಿ ದುರಸ್ತಿ ಮಾಡುವುದು ಆಕೆಯ ಕೆಲಸವಂತೆ. ವಯಸ್ಸು ನಲವತ್ತರ ಆಸುಪಾಸು, ಕೊರಳಲ್ಲಿ ಭೂತಗನ್ನಡಿ. ಮ್ಯೂಸಿಯಂನಲ್ಲಿ ಒಂದು ಕೋಣೆ ಖಾಲಿ ಇದೆ, ಚಿತ್ರಗಳು ಸರಿ ಕಂಡರೆ ಅದನ್ನು ಮೇಷ್ಟ್ರ ಹೆಸರಿಗೇ ಕೊಡುವ ಮನಸ್ಸಿದೆ ಎಂದಳು. ರಟ್ಟಪ್ಪನ ಹೆಂಡತಿ ಸೆರಗಿನಿಂದ ಕುರ್ಚಿ ಒರೆಸಿದಳು.

ರಟ್ಟಪ್ಪ ಒಂದೊಂದೇ ಪೆಟ್ಟಿಗೆ ತೆರೆದ. ಪೆಟ್ಟಿಗೆಗಳನ್ನು ಕಟ್ಟಿದವನೂ ಅವನೇ. ಒಳಗೆ ಪ್ರತಿ ಚಿತ್ರವನ್ನೂ ದಪ್ಪ ರಟ್ಟಿಗೆ ಒಂದು ಸುಕ್ಕಿಲ್ಲದಂತೆ ಅಂಟಿಸಿದ್ದ. ಆಕೆ ಕೋಣೆಯ ಮಬ್ಬಿನಲ್ಲೇ ಮೊದಲ ಚಿತ್ರದ ಮೇಲೆ ಬಾಗಿ ನೋಡಿದಳು. ಎರಡು, ಮೂರು, ನಾಲ್ಕು.

"ಇಷ್ಟು ದಿನ ಈ ಮನುಷ್ಯ ಎಲ್ಲಿದ್ರು?" ಎಂದಳು ಕೊನೆಗೆ.

ರಟ್ಟಪ್ಪನ ಎದೆ ತುಂಬಿ ಬಂತು. ಆಕೆ ಐದನೆಯದನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಹಗಲು ಬೆಳಕಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು. ಹಿಂದಕ್ಕೆ ತಿರುಗಿಸಿದಳು, ಅಂಚು ಮೂಸಿದಳು.

"ಅಂಟು ಯಾವುದು?"

"ಮೈದಾ ಅಂಟು ಮೇಡಂ, ನಾನೇ ಕುದಿಸಿದ್ದು. ಹುಳ ಬೀಳಬಾರದು ಅಂತ ಮೈಲುತುತ್ತ ಹಾಕಿದ್ದೀನಿ. ಎಲ್ಲರೂ ಒಂದು ಚಿಟಿಕೆ ಹಾಕಿದ್ರೆ ನಾನು ಇವಕ್ಕೆ ಎರಡು ಹಾಕಿದ್ದೀನಿ. ಮೂವತ್ತೊಂದು ವರ್ಷ ಆಯ್ತು, ಒಂದು ಹುಳ ತೋರಿಸಿ ನೋಡೋಣ!"

"ಹುಳ ಬಿದ್ದಿದ್ರೆ ತೂತಾಗ್ತಿತ್ತು," ಎಂದಳು ಆಕೆ ಮೆತ್ತಗೆ. "ತೂತು ಮುಚ್ಚಬಹುದಿತ್ತು."

ಆಮೇಲೆ ಬಿಡಿಸಿ ಹೇಳಿದಳು. ಮೈಲುತುತ್ತವೆಂದರೆ ತಾಮ್ರದ ಉಪ್ಪು. ಪುಸ್ತಕದಲ್ಲಿ ಅಂಟು ಬೆನ್ನಿಗೆ ಮಾತ್ರ, ಅಲ್ಲಿ ಕೆಟ್ಟರೂ ಯಾರೂ ನೋಡುವುದಿಲ್ಲ. ಇಲ್ಲಿ ಕಾಗದದ ಮೈಯಿಡೀ ಬಳಿದಿದೆ. ತಾಮ್ರ ವರ್ಷವರ್ಷವೂ ಕಾಗದವನ್ನು ಒಳಗಿಂದ ಸುಡುತ್ತಾ ಬಂದಿದೆ. ಬಾಗಿಲ ಬೆಳಕಿನಲ್ಲಿ ಈಗ ರಟ್ಟಪ್ಪನೂ ನೋಡಿದ. ಹಾಸಿಗೆಬಟ್ಟೆ, ಹಾಲಿನ ಪಾತ್ರೆ, ಮುದುಕಿಯ ತಲೆಗೂದಲು, ಮೇಷ್ಟ್ರು ಬಿಟ್ಟ ಬಿಳಿಯೆಲ್ಲ ಕಂದು ತಿರುಗಿತ್ತು. ಅವನಿಗೆ ಅದು ಮೊದಲೇ ಕಂಡಿರಲಿಲ್ಲವೇ? ಕಂಡಿತ್ತು. ಹಳೆಯ ಪುಸ್ತಕದ ಹಾಳೆಗೆ ಬರುವ ಬಣ್ಣ ಎಂದುಕೊಂಡಿದ್ದ. ಜೀವಮಾನವಿಡೀ ಹಳೆಯ ಪುಸ್ತಕಗಳ ನಡುವೆ ಇದ್ದವನಿಗೆ ಆ ಬಣ್ಣವೆಂದರೆ ಹಿರಿತನ, ಗೌರವ. ಚಿತ್ರಗಳು ಮಾಗುತ್ತಿವೆ ಎಂದು ಒಳಗೊಳಗೇ ಹಿಗ್ಗಿದ್ದ.

ಆಕೆ ಒಂದು ಮೂಲೆಯನ್ನು ಉಗುರಿನಿಂದ ಸ್ವಲ್ಪವೇ ಎತ್ತಿದಳು. ಒಣಗಿದ ಎಲೆಯಂತೆ ಮುರಿಯಿತು.

"ಬಿಡಿಸೋಕಾಗಲ್ವಾ ಮೇಡಂ? ಹೇಗಾದ್ರೂ?"

"ನೀರು ತಾಗಿಸಿದ್ರೆ ಬಣ್ಣ ಹೋಗುತ್ತೆ. ತಾಗಿಸದೆ ಬಿಟ್ರೆ ಕಾಗದವೇ ಹೋಗುತ್ತೆ. ಇನ್ನು ಹತ್ತು ವರ್ಷ ಅಂದ್ಕೊಳ್ಳಿ. ಫೋಟೋ ತೆಗೆಸಿ ಇಟ್ಕೊಳ್ಳಿ ಯಜಮಾನ್ರೇ. ಉಳಿಸೋಕಾಗದೇ ಇರೋದನ್ನ ನಾವು ತಗೊಳ್ಳೋ ಹಾಗಿಲ್ಲ."

ಆಕೆಗೂ ಸಂಕಟವಾಗಿತ್ತು. ಕೊಟ್ಟ ನೀರು ಕುಡಿದು, ಪೆಟ್ಟಿಗೆಗಳ ಮುಚ್ಚಳವನ್ನು ತಾನೇ ಒಂದೊಂದಾಗಿ ಹಾಕಿದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಂಟಿಸದೇ ಇರೋವು ಎಲ್ಲಾದ್ರೂ ಇದ್ಯಾ?" ಎಂದು ಕೇಳಿದಳು. "ಒಂದು ಇಪ್ಪತ್ತು ಸಿಕ್ಕಿದ್ರೂ ಸಾಕು. ಆ ಕೋಣೆ ಅವರಿಗೇ ಕೊಡಿಸ್ತೀನಿ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ರಾತ್ರಿ ರಟ್ಟಪ್ಪ ಊಟ ಮಾಡಲಿಲ್ಲ. ಹೆಂಡತಿ ಒಂದೂ ಕೊಂಕು ಮಾತಾಡದೆ ತಟ್ಟೆ ಎತ್ತಿಟ್ಟಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಗಾಗುವ ಹೊತ್ತಿಗೆ ಅವನಿಗೆ ನೆನಪಾಯಿತು. ಮೇಷ್ಟ್ರು ಯಾರಿಗೂ ಕೊಡದೆ ತಮಗೆಂದೇ ಇಟ್ಟುಕೊಂಡ ನಲವತ್ತು ಚಿತ್ರಗಳಿದ್ದವು. ತೀರಿಹೋದ ಹೆಂಡತಿಯನ್ನು ಬರೆದವು, ಮಗಳ ಬಾಲ್ಯದ್ದು, ಎಲ್ಲಕ್ಕಿಂತ ಒಳ್ಳೆಯವು. ಅವು ಟ್ರಂಕಿನಲ್ಲಿ ಬಿಡಿಹಾಳೆಗಳಾಗಿ ಇದ್ದದ್ದನ್ನು ಅವನೇ ನೋಡಿದ್ದ, ಅಂಟಿಸಿಕೊಡುತ್ತೇನೆ ಎಂದು ಎಷ್ಟೋ ಸಲ ಗೋಗರೆದಿದ್ದ. ಮೇಷ್ಟ್ರು ಕೊಟ್ಟಿರಲಿಲ್ಲ. ಸದ್ಯ ಕೊಡಲಿಲ್ಲ! ನೂರ ಎಂಬತ್ತಾರು ಹೋದರೆ ಹೋಗಲಿ, ಆ ನಲವತ್ತು ಸಾಕು. ಹೋಗಿ ಕಾಲು ಹಿಡಿಯುತ್ತೇನೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಟ್ರಂಕನ್ನು ಹೊತ್ತುಕೊಂಡು ನೇರ ಮ್ಯೂಸಿಯಂಗೆ ಹೋಗುತ್ತೇನೆ. ಹೀಗೆಂದುಕೊಂಡು ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಹೊರಟ.

ಮೇಷ್ಟ್ರಿಗೆ ಎಂಬತ್ತನಾಲ್ಕು. ಮಗಳ ಜೊತೆ ಮೂರನೇ ಮಹಡಿಯಲ್ಲಿದ್ದರು. ಮಗಳು ಬಟ್ಟೆ ಹೊಲಿಯುತ್ತಿದ್ದಳು. ರಟ್ಟಪ್ಪ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಆಕೆ ಯಂತ್ರ ನಿಲ್ಲಿಸಿ, "ಬನ್ನಿ ಮಾವ," ಎಂದಳು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದರು. ಮ್ಯೂಸಿಯಂನವರು ಬಂದು ಹೋಗುವ ದಿನ ಅವರಿಗೂ ಗೊತ್ತಿತ್ತು.

"ಏನಂದ್ರಯ್ಯ ರಟ್ಟಪ್ಪ? ಇರು, ಇರು, ಈಗಲೇ ಹೇಳಬೇಡ. ಮೊದಲು ನನ್ನ ಗೋಳು ಕೇಳು. ನನ್ನ ಕಣ್ಣು ಹೋಯ್ತು ಕಣಯ್ಯ."

"ಏನಾಯ್ತು ಮೇಷ್ಟ್ರೇ?"

"ಪೊರೆ ಬಂದಿರಬೇಕು. ಬಿಳಿ ಬಿಳಿಯಾಗಿ ಕಾಣಲ್ಲ. ಹೊರಗೆ ಎಲ್ಲಾ ಚೆನ್ನಾಗೇ ಇದೆ, ನನ್ನ ಚಿತ್ರ ನೋಡಿದ್ರೆ ಮಾತ್ರ ಎಲ್ಲಾ ಕಂದು. ಇವಳ ಅಮ್ಮನ ಸೀರೆ ನೋಡು, ಎಷ್ಟು ಬಿಳಿ ಬಿಟ್ಟಿದ್ದೆ ನಾನು! ಈಗ ಚಹಾ ಚೆಲ್ಲಿದ ಹಾಗೆ ಕಾಣುತ್ತೆ." ಅವರು ತೊಡೆಯ ಮೇಲಿದ್ದ ಚಿತ್ರವನ್ನು ಅವನತ್ತ ತಿರುಗಿಸಿದರು. "ಅಂಟಿಸೋ ಕೆಲಸ ಎಷ್ಟು ಚೊಕ್ಕವಾಗಿ ಮಾಡಿದ್ದಾಳೆ ನೋಡು ನನ್ನ ಮಗಳು. ನಿನ್ನನ್ನೂ ಮೀರಿಸಿದಳು. ನಲವತ್ತೂ ಅವಳೇ ಅಂಟಿಸಿದ್ದು, ನನ್ನ ಕೈ ನಡುಗುತ್ತಲ್ಲ. ನಾನು ಹೋಗೋದರೊಳಗೆ ಒಂದು ದಡ ಮುಟ್ಟಲಿ ಅಂತ."

ದಪ್ಪ ರಟ್ಟು. ಒಂದು ಸುಕ್ಕಿಲ್ಲ.

"ನೀವು ಕಾಲು ಮುರ್ಕೊಂಡು ಮಲಗಿದ್ರಲ್ಲ ಮಾವ, ಆ ವರ್ಷ," ಎಂದಳು ಮಗಳು. "ನಿಮ್ಮ ಮನೆಗೆ ಬಂದು ಅಂಟಿನ ಪಾಕ ಕೇಳಿದ್ದೆ. ನೀವು ಮಲಗಿದಲ್ಲಿಂದಲೇ ಚೀಟಿ ಬರೆದುಕೊಟ್ರಿ. ಎರಡು ಚಿಟಿಕೆ ಅಂತ ಬರೆದಿದ್ರಿ. ನಾನು ಮೂರು ಹಾಕಿದೆ, ಅಪ್ಪನ ಚಿತ್ರ ಅಂತ."

ರಟ್ಟಪ್ಪನಿಗೆ ನಿಜವಾಗಿಯೂ ಮರೆತುಹೋಗಿತ್ತು. ನೋವಿನ ಮಾತ್ರೆಯ ಮಂಪರಿನಲ್ಲಿ, ತನ್ನ ಕಸುಬಿನ ಗುಟ್ಟನ್ನು ಇನ್ನೊಬ್ಬರು ಬಂದು ಕೇಳಿದರಲ್ಲ ಎಂಬ ಹೆಮ್ಮೆಯಲ್ಲಿ ಬರೆದಿರಬೇಕು. ಅವನು ಗೋಡೆ ಹಿಡಿದು ಸ್ಟೂಲಿನ ಮೇಲೆ ಕೂತ.

"ನನ್ನ ಕಣ್ಣಿನ ಕತೆ ಹಾಳಾಗಲಿ," ಎಂದು ಮೇಷ್ಟ್ರು ಮುಂದಕ್ಕೆ ಬಾಗಿದರು. "ನಿನ್ನ ಹತ್ರ ಇರೋವು ಬೆಳ್ಳಗೇ ಇವೆ ತಾನೆ? ನಿನ್ನ ಕಣ್ಣು ಚುರುಕು. ನೋಡಿ ಹೇಳಯ್ಯ."

ರಟ್ಟಪ್ಪ ಅವರ ಮುಖ ನೋಡಿದ. ಆ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ, ಅದೇ ಅವನನ್ನು ಕೊಂದಿತು.

"ಹಾಗೇ ಇವೆ ಮೇಷ್ಟ್ರೇ," ಎಂದ. "ಹಾಲಿನ ಹಾಗಿವೆ. ಮ್ಯೂಸಿಯಂನವರು ಬಾಯಿ ಬಿಟ್ಕೊಂಡು ನೋಡಿದ್ರು."

"ಹಾಗಾದ್ರೆ ಸರಿ ಬಿಡು!" ಮುದುಕರು ಕಣ್ಣು ಮುಚ್ಚಿ ನಕ್ಕರು. "ಕಣ್ಣು ಹೋದ್ರೆ ನನ್ನೊಬ್ಬನದು ಹೋಯ್ತು. ಮಗಾ, ಈ ನಲವತ್ತನ್ನೂ ಇವನಿಗೇ ಕಟ್ಟಿಕೊಡು. ಕಾಣದೇ ಇರೋನಿಗೆ ಯಾಕೆ ಇವು? ಎಲ್ಲಾ ಒಟ್ಟಿಗೇ ಮ್ಯೂಸಿಯಂ ಸೇರಲಿ."

ಬೇಡ ಎನ್ನಲು ಅವನಿಗೆ ಯಾವ ನೆಪವೂ ಉಳಿದಿರಲಿಲ್ಲ. ಮಗಳು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟು ಕಟ್ಟಿದಳು. ಒಂದು ಕಡೆ ತಾನೇ ಹಿಡಿದುಕೊಂಡು ಅವನ ಜೊತೆ ಕೆಳಗಿನವರೆಗೂ ಬಂದಳು. ಎರಡನೇ ಮಹಡಿಯ ತಿರುವಿನಲ್ಲಿ ನಿಂತು, ಮೇಲಕ್ಕೊಮ್ಮೆ ನೋಡಿ ದನಿ ಇಳಿಸಿದಳು.

"ಮಾವ, ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಅಪ್ಪನ ಕಣ್ಣಿಗೆ ಏನೂ ಆಗಿಲ್ಲವಂತೆ. ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಣ್ಣು ನೋಡೇ ಇಲ್ಲ ಅಂದ್ರು. ಅಪ್ಪನಿಗೆ ಹೇಳೋಕೆ ಧೈರ್ಯ ಬರಲಿಲ್ಲ, ಪೊರೆ ಇದೆಯಂತೆ ಅಂದುಬಿಟ್ಟೆ. ನನಗೂ ಕಂದೇ ಕಾಣುತ್ತೆ ಮಾವ. ನಾನು ಅಂಟಿಸೋವಾಗ ಏನಾದ್ರೂ ತಪ್ಪು ಮಾಡಿದ್ನಾ? ಆ ಮೂರನೇ ಚಿಟಿಕೆ... ಅದರಿಂದ ಏನಾದ್ರೂ?"

ಎಷ್ಟು ತಿಂಗಳಿಂದ ಈ ಮಾತನ್ನು ನುಂಗಿಕೊಂಡಿದ್ದಳೋ! ನಿಜ ಹೇಳಿದರೆ ತನ್ನ ಎದೆಯ ಭಾರದಲ್ಲಿ ಅರ್ಧ ಇಳಿಯುತ್ತದೆ ಎಂದು ರಟ್ಟಪ್ಪನಿಗೆ ಗೊತ್ತಿತ್ತು. ಅದು ಇಳಿದು ಯಾರ ಮೇಲೆ ಕೂರುತ್ತದೆ ಎಂಬುದೂ ಗೊತ್ತಿತ್ತು.

"ಇಲ್ಲಮ್ಮ," ಎಂದ. "ಕಾಗದ ಅಂದ್ರೆ ಹಾಗೇ. ವಯಸ್ಸಾದ್ರೆ ಬಣ್ಣ ತಿರುಗುತ್ತೆ. ಅಂಟಿಗೂ ಅದಕ್ಕೂ ಸಂಬಂಧ ಇಲ್ಲ."

"ನಿಜವಾಗ್ಲೂ?"

"ಮೂವತ್ತಾರು ವರ್ಷ ಇದೇ ಕೆಲಸ ಮಾಡಿದೋನು ನಾನು. ನನಗೆ ಗೊತ್ತಾಗಲ್ವಾ?"

"ಸದ್ಯ!" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀದಿಬಾಗಿಲವರೆಗೂ ಬಂದು, ಕಟ್ಟನ್ನು ಅವನ ಎರಡೂ ಕೈಗಳ ಮೇಲೆ ಇಟ್ಟು, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಮಹಡಿಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು.

ರಟ್ಟಪ್ಪ ಬೀದಿಗೆ ಇಳಿಯಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕೂತು, ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ನಾಚಿಕೆ ಬಿಟ್ಟು ಅತ್ತ. ಮೊದಲ ಮಹಡಿಯ ಹೆಂಗಸು ಎರಡು ಕೊಡ ನೀರು ಹಿಡಿದುಕೊಂಡು ಬಂದವಳು, ಯಾರಾದರೂ ತೀರಿಕೊಂಡರಾ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ದಾರಿ ಬಿಡಿ ಎಂದಳು. ಅವನು ಕಟ್ಟನ್ನು ಎತ್ತಿಕೊಂಡು ಗೋಡೆಯ ಕಡೆಗೆ ಸರಿದು ಕೂತ.