ಎಂಟನೆಯ ಪಾವಟಿಗೆ

“ಇನ್ನೊಂದು ಹತ್ತು ಪಾವಟಿಗಿ ಇಳಿಸು ತಂಗಿ,” ಎಂದು ಮ್ಯಾನೇಜರ್ ಮಹಾಂತಯ್ಯ ಚಹಾದ ಕಪ್ಪನ್ನು ವಾಹಿದಾಳ ಕಡೆಗೆ ಸರಿಸಿದ. “ನೀರು ಈಗ ಬ್ಯಾಡ. ಶನಿವಾರ ಲಾರಿ ತುಂಬೋತನಕ ನಿನ್ನ ಕಥಿ ಹುಡುಗಿ ಬಾವ್ಯಾಗ ಇರ್ಲಿ.”

ಚಹಾದ ಮೇಲೆ ದಪ್ಪನೆಯ ಕೆನೆ ಕಟ್ಟಿತ್ತು. ತುಟಿಗೆ ತುಟಿ ಅಂಟುವಷ್ಟು ಸಕ್ಕರೆ. ಮೊದಲ ವಾರದಲ್ಲಿ ಈ ಚಹಾ ಕುಡಿದು ಹೊರಗೆ ಬರುವಾಗ ವಾಹಿದಾಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಮ್ಯಾನೇಜರನ ಖೋಲಿಯಲ್ಲಿ, ಖುರ್ಚಿಯ ಮೇಲೆ, ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿದವರು ಆ ಮಿಲ್ಲಿನ ಹೆಂಗಸರಲ್ಲಿ ಅವಳೊಬ್ಬಳೇ. ಇವತ್ತು ಕೆನೆ ಮೇಲ್ದುಟಿಗೆ ಹಲ್ಲಿಯ ಹಾಗೆ ಅಂಟಿಕೊಂಡಿತು. ಓಢಣಿಯ ತುದಿಯಿಂದ ಒರೆಸಿಕೊಂಡು, “ಹೂಂ,” ಅಂದಳು.

ಅದು ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿದ್ದ ಸೇಂಗಾ ಮಿಲ್ಲು. ಎಮರ್ಜೆನ್ಸಿ ಮುಗಿದು ಒಂದೂವರೆ ವರ್ಷ ಆಗಿತ್ತು. ಉದ್ದನೆಯ ತಗಡಿನ ಶೆಡ್ಡಿನಲ್ಲಿ ಮೂವತ್ತು ಹೆಂಗಸರು ಸಾಲಾಗಿ ಕೂತು ಸುಲಿದ ಕಾಳು ಆರಿಸುತ್ತಿದ್ದರು. ದುಂಡಗೆ, ಕೆಂಪಗೆ ಇದ್ದದ್ದು ಒಂದು ಬುಟ್ಟಿಗೆ. ಅದು ಮುಂಬಯಿಗೆ ಹೋಗಿ ಹಡಗು ಹತ್ತುತ್ತಿತ್ತು. ಮುರುಕು, ಮುರುಟಿದ್ದು, ಮುಗ್ಗು ಹಿಡಿದದ್ದು ಇನ್ನೊಂದು ಬುಟ್ಟಿಗೆ. ಅದು ಎಣ್ಣೆಗೆ ಹೋಗುತ್ತಿತ್ತು. ಶೆಡ್ಡಿಗೆಲ್ಲ ಒಂದು ಕಮಟು ವಾಸನೆ. ಅದು ಸೀರೆಗೆ, ಕೂದಲಿಗೆ, ಮನೆಯಲ್ಲಿ ತಟ್ಟಿದ ರೊಟ್ಟಿಗೂ ಹತ್ತುತ್ತಿತ್ತು.

ಮೊದಲು ಅಲ್ಲಿ ಕೆಲಸ ನೋಡಿಕೊಳ್ಳಲು ಪೀರಾ ಸಾಬ್ ಎಂಬ ಮುಕಾದಮ ಇದ್ದ. ಅವನ ಬಾಯಲ್ಲಿ ಒಂದು ಕಡೆ ತಂಬಾಕು, ಇನ್ನೊಂದು ಕಡೆ ಬೈಗುಳ. ಬೈಯಲು ಶುರುಮಾಡಿದರೆ ಏಳು ತಲೆ ಹಿಂದಿನವರನ್ನು ಗೋರಿಯಿಂದ ಎಬ್ಬಿಸಿ ತಂದು ಬೈಯುತ್ತಿದ್ದ. ಅಂಗಳದ ಆಚೆ ತುದಿಯಲ್ಲಿ ಬೇವಿನ ಗಿಡದ ಕೆಳಗೆ ಎರಡು ನೀರಿನ ಹರವಿ ಇದ್ದವು. ಹೆಂಗಸರು ಎದ್ದು ಹೋಗಿ ನೀರು ಕುಡಿದು, ಗಿಡದ ಹಿಂದಿನ ಗೋಡೆಯ ಮರೆಗೂ ಹೋಗಿ, ಬೆರಳ ನೆಟಿಕೆ ಮುರಿದುಕೊಂಡು, ಗಾಳಿಗೆ ಒಂದು ಗಳಿಗೆ ನಿಂತು ಬರುತ್ತಿದ್ದರು. “ಏನ್ ಬೇ, ಹರವ್ಯಾಗ ನೀರ್ ಅದಾವೋ, ನಿಮ್ಮ ಗಂಡಂದಿರು ಕುಂತಾರೋ?” ಎಂದು ಪೀರಾ ಸಾಬ್ ಕೂಗುತ್ತಿದ್ದ. ಕೂಗಿದ್ದಷ್ಟೇ. ಯಾರು ಎಷ್ಟು ಸಲ ಎದ್ದರೆಂದು ಅವನು ನೋಡಿದವನಲ್ಲ.

ಮಿಲ್ಲಿನ ಮಾಲಕ ಸೇಠ ಅವನನ್ನು ಬಿಡಿಸಿ ಮಹಾಂತಯ್ಯನನ್ನು ತಂದ. ಮಹಾಂತಯ್ಯ ಹೈದರಾಬಾದಿನಲ್ಲಿ ಹದಿನೈದು ದಿನ ಟ್ರೇನಿಂಗ್ ಮಾಡಿ ಬಂದಿದ್ದ. ಬಂದ ದಿನವೇ ಶೆಡ್ಡಿನ ಗೋಡೆಗೆ ಕರಿಹಲಗೆ ತೂಗುಹಾಕಿ, ಅದರ ಮೇಲೆ ದೊಡ್ಡದೊಂದು ಚೌಕ ಬರೆದ. ಒಳಗೆ ಅಡ್ಡ ಉದ್ದ ಗೆರೆ ಎಳೆದು ಮನೆಗಳನ್ನು ಮಾಡಿದ. ಕೆಳಗಿನ ಗೆರೆ ಕೆಲಸ, ಪಕ್ಕದ ಗೆರೆ ಮಂದಿ ಎಂದು ಹೇಳಿದ. ಬರೇ ಕೆಲಸ ಅಂದರೆ ಮಂದಿ ಸಾಯುತ್ತಾರೆ, ಬರೇ ಮಂದಿ ಅಂದರೆ ಮಿಲ್ಲು ಸಾಯುತ್ತದೆ, ಎರಡೂ ಕೂಡಿ ಈ ಮೂಲೆಗೆ ಮುಟ್ಟಬೇಕು ಎಂದು ಮೇಲಿನ ತುದಿಯಲ್ಲಿ ಒಂದು ಚುಕ್ಕೆ ಇಟ್ಟ.

“ಚೌಕಾಬಾರಾ ಮನಿ ಬರದಾನಲ್ಲೇ, ಕವಡಿ ಎಲ್ಲಿ ಅದಾವ?” ಎಂದು ದೇವದುರ್ಗದ ಕಡೆಯ ಜಾಲಹಳ್ಳಿಯ ಪಾರ್ವತೆಮ್ಮ ಪಕ್ಕದವಳಿಗೆ ಪಿಸುಗುಟ್ಟಿದಳು.

“ಕವಡಿ ಅವನ ಕಿಸೇದಾಗ ಅದಾವ. ಕಾಯಿ ನಾವ,” ಅಂದಳು ಪಕ್ಕದಲ್ಲಿದ್ದ ಜೈಬುನ್ನೀಸಾ.

ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟುಕೊಂಡಿತು. ಮಹಾಂತಯ್ಯ ತಾನೂ ನಕ್ಕ. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಎಲ್ಲರನ್ನೂ ತಾಯಿ, ಅಕ್ಕ, ತಂಗಿ ಅನ್ನುತ್ತಿದ್ದ. ಕೂರಲು ಗೋಣಿತಟ್ಟಿನೊಳಗೆ ಹತ್ತಿ ತುಂಬಿ ಹೊಲಿಸಿಕೊಟ್ಟ. ಬಿರಿದ ಬೆರಳಿಗೆ ಮುಲಾಮು ತರಿಸಿದ. ಇಷ್ಟು ಒಳ್ಳೆಯವನನ್ನು ಯಾವ ಬಾಯಿಂದ ಬೈಯುವುದು? ಹೆಂಗಸರು ಮನೆಗೆ ಹೋಗುವಾಗ ಬೈಯಲು ಯಾರೂ ಇಲ್ಲದೆ ದಾರಿ ಉದ್ದವಾಯಿತೆಂದು ಗೊಣಗುತ್ತಿದ್ದರು.

ವಾಹಿದಾ ಆ ಸಾಲಿನಲ್ಲಿ ಎಲ್ಲರಿಗಿಂತ ಸಣ್ಣವಳು. ಕೈ ಕಾಳಿನಲ್ಲಿ, ಕಣ್ಣು ಎಲ್ಲೋ. ಅವಳು ಬೆಳೆದದ್ದು ಮಾನ್ವಿಯಲ್ಲಿ, ತಾಯಿಯ ತಾಯಿ, ನಾನಿ ಮುನವ್ವರ್ ಬೀಯ ಕಂಬಳಿಯೊಳಗೆ. ನಾನಿ ಸತ್ತಮೇಲೆ ರಾಯಚೂರಿಗೆ ಬರುವಾಗ ತಂದದ್ದು ಒಂದು ತಾಮ್ರದ ಚೊಂಬು ಮತ್ತು ನಾನಿಯ ಕಥೆಗಳು. ಮನೆಯ ದಖ್ಖನಿ ಉರ್ದುವಿನಲ್ಲಿ ಕೇಳಿದ್ದನ್ನು ಅವಳು ಸಾಲಿನ ಕನ್ನಡದಲ್ಲಿ ಹೇಳುತ್ತಿದ್ದಳು, ಹೆಂಗಸರು ಹೂಂಗುಡುತ್ತಿದ್ದರು. ಎಲ್ಲರಿಗೂ ಸೇರಿದ್ದು ಬಾವಿಯ ಕಥೆ. ಒಂದು ಊರಿನ ನೀರೆಲ್ಲ ಉಪ್ಪು. ಹಾಸಿಗೆ ಹಿಡಿದ ತಾಯಿಗೆ ಒಂದು ಗುಟುಕು ಸಿಹಿನೀರು ತರಲು ಮಗಳು ಹಾಳು ಬಾವಿಗೆ ಇಳಿಯುತ್ತಾಳೆ. ಬಾವಿಗೆ ಏಳು ಪಾವಟಿಗೆ, ಏಳೇ ಮೆಟ್ಟಿಲು. ಒಂದೊಂದರ ಮೇಲೂ ಒಬ್ಬೊಬ್ಬರು ಕೂತಿದ್ದಾರೆ. ಕೆಳಗೆ ಬಿಡಲು ಕಪ್ಪೆ ಅವಳ ಕಾಲುಗೆಜ್ಜೆ ಕೇಳುತ್ತದೆ, ಮುದುಕಿ ಅವಳ ಹೆಸರು ಕೇಳುತ್ತಾಳೆ, ಹಾವು ಅವಳ ನಿದ್ದೆ ಕೇಳುತ್ತದೆ. ಕೊಟ್ಟು ಕೊಟ್ಟು ಏಳನೆಯದಕ್ಕೆ ಇಳಿದಾಗ ನೀರು ತಾನೇ ಏರಿ ಬಂದು ಕೊಡ ತುಂಬುತ್ತದೆ.

ನಾನಿಯದೊಂದು ನೇಮವಿತ್ತು. ಕಥೆಯೊಳಗಿನವರನ್ನು ನಡುದಾರಿಯಲ್ಲಿ ಬಿಟ್ಟು ಮಲಗಬಾರದು. ನಿದ್ದೆ ತಡೆಯಲಾರದಷ್ಟು ಬಂದರೆ, ಅವರನ್ನು ಒಂದು ನೆರಳಿಗೆ ಕೂರಿಸಿ, ಎದುರಿಗೆ ನೀರಿಟ್ಟು ಮಲಗಬೇಕು. ಇಲ್ಲದಿದ್ದರೆ ಅವರು ಬೆಳತನಕ ಬಾಯಾರಿಕೊಂಡು ಅಲೆಯುತ್ತಾರೆ.

ಒಂದು ಮಧ್ಯಾಹ್ನ ಮಹಾಂತಯ್ಯ ಬಾಗಿಲ ಹಿಂದೆ ನಿಂತು ಕೇಳಿದ. ಅವನು ಕೇಳಿದ್ದು ಕಥೆಯನ್ನಲ್ಲ. ಅದು ನಡೆದಷ್ಟು ಹೊತ್ತೂ ಒಬ್ಬಳೂ ಹರವಿಯ ಕಡೆ ಏಳಲಿಲ್ಲ. ಹೂಂ ಅಂದಾಗೊಮ್ಮೆ ಮೂವತ್ತು ಕೈ ಒಟ್ಟಿಗೆ ಓಡುತ್ತಿದ್ದವು. ಮರುದಿನವೇ ವಾಹಿದಾಳಿಗೆ ಸಾಲಿನ ಮುಂದೆ ಒಂದು ಸ್ಟೂಲು ಬಂತು. ಅವಳು ಕಾಳು ಆರಿಸಬೇಕಾಗಿಲ್ಲ, ಕಥೆ ಹೇಳಿದರೆ ಸಾಕು, ದಿನದ ಪಗಾರ ಹಾಗೇ ಸಿಗುತ್ತದೆ. ಮಂದಿಗೆ ಬೇಸರ ಕಳೆಯುತ್ತದೆ, ಕೆಲಸವೂ ಏರುತ್ತದೆ ಎಂದು ಅವನು ಹಲಗೆಯ ಮೇಲಿನ ಚುಕ್ಕೆ ತೋರಿಸಿದ. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ, ಕಥೆ ಅಷ್ಟು ಲಗೂನ ಮುಗಿಸಬೇಡ ಅಂದ.

ಎಂಟನೆಯ ಪಾವಟಿಗೆ ಕಟ್ಟಿದವಳು ವಾಹಿದಾಳೇ. ಅದನ್ನು ಅವಳು ಯಾರ ಮೇಲೂ ಹಾಕುವಂತಿರಲಿಲ್ಲ. ಕಟ್ಟಿದ ದಿನ ಎಷ್ಟು ಖುಷಿಯಾಗಿತ್ತು! ಅದರ ಮೇಲೆ ಒಬ್ಬ ಕುರುಡು ಕುಂಬಾರನನ್ನು ಕೂರಿಸಿದಳು. ಒಂಬತ್ತನೆಯದರ ಮೇಲೆ ಗಾಳಿ ಮಾರುವವಳು. ಮನೆಗೆ ನಡೆಯುವಾಗಲೂ ಕಲ್ಲಿನ ಮೇಲೆ ಕಲ್ಲು ಕಟ್ಟುತ್ತ, ಎದುರಿಗೆ ಬಂದ ಟಾಂಗಾ ಕಾಣದೆ ಬೈಸಿಕೊಂಡಳು. ಹದಿನೈದಾಯಿತು. ಇಪ್ಪತ್ತಾಯಿತು. ಇಪ್ಪತ್ತೈದರ ಹೊತ್ತಿಗೆ ಪಾವಟಿಗೆಯ ಮೇಲೆ ಕೂರಿಸಲು ಅವಳಿಗೆ ಯಾರೂ ಸಿಗಲಿಲ್ಲ. ಮೊದಲಿನ ಕಪ್ಪೆಗೇ ಬಣ್ಣ ಬದಲಿಸಿ ಕೂರಿಸಿದಳು. ಹೆಂಗಸರು ಅದಕ್ಕೂ ಹೂಂ ಅಂದರು.

ಸ್ಟೂಲಿನ ಮೇಲಿಂದ, ಸಾಲಿನಲ್ಲಿ ಕೂತಾಗ ಕಾಣದ್ದೆಲ್ಲ ಕಾಣುತ್ತಿತ್ತು. ಬಾಗಿದ ಇಪ್ಪತ್ತೊಂಬತ್ತು ನೆತ್ತಿ. ಒಣಗಿ ಬಿಳಿ ಸಿಪ್ಪೆ ಎದ್ದ ತುಟಿಗಳು. ಇಂದು ಚಹಾ ಕುಡಿದು ಬಂದು ಕೂತು ಮೂವತ್ತೊಂಬತ್ತನೆಯ ಪಾವಟಿಗೆ ಹಿಡಿದಾಗ ಅವಳಿಗೆ ಪಾರ್ವತೆಮ್ಮ ಕಂಡಳು. ಪಾರ್ವತೆಮ್ಮ ಒಂದು ಕೈಯಲ್ಲಿ ಕಾಳು ಆರಿಸುತ್ತ, ಇನ್ನೊಂದು ಕೈಯಿಂದ ಕಿಬ್ಬೊಟ್ಟೆ ಒತ್ತಿ ಹಿಡಿದು, ಅತ್ತ ಇತ್ತ ವಾಲುತ್ತಿದ್ದಳು. ಹಣೆಯ ತುಂಬ ಬೆವರು. ಕಣ್ಣು ಮಾತ್ರ ವಾಹಿದಾಳ ಬಾಯಿಯ ಮೇಲೆ. ಒಂದು ಗಳಿಗೆ ಕಥೆ ನಿಲ್ಲಿಸಿದರೆ ಅವಳು ಎದ್ದು ಹೋಗಿ ಬರುತ್ತಾಳೆಂದು ವಾಹಿದಾಳಿಗೆ ಗೊತ್ತಾಯಿತು. ನಾಲಿಗೆ ತಡೆಯಿತು. ಬಾಗಿಲಲ್ಲಿ ಮಹಾಂತಯ್ಯ ನಗುನಗುತ್ತ ಬೆರಳು ಸುತ್ತಿ ಸನ್ನೆ ಮಾಡಿದ: ನಡೀಲಿ.

ವಾಹಿದಾ ನಡೆಸಿದಳು.

ನಲವತ್ತನೆಯದಕ್ಕೆ ಕಾಲಿಡುವಾಗ ಪಾರ್ವತೆಮ್ಮ ಪಕ್ಕಕ್ಕೆ ಉರುಳಿ ಕಾಳಿನ ರಾಶಿಯ ಮೇಲೆ ಬಿದ್ದಳು. ಸೀರೆ ತೊಯ್ದಿತ್ತು. ತೊಯ್ದದ್ದರಲ್ಲಿ ಕೆಂಪು ಇತ್ತು.

ಮಹಾಂತಯ್ಯ ತಾನೇ ಓಡಿಬಂದ, ತಾನೇ ತೋಳಿಗೆ ಕೈಕೊಟ್ಟ, ತನ್ನ ಖರ್ಚಿನಲ್ಲೇ ರಿಕ್ಷಾ ಮಾಡಿ ದವಾಖಾನೆಗೆ ಕಳಿಸಿದ. ಮರುದಿನ ಮುಂಜಾನೆ ಎಲ್ಲರನ್ನೂ ನಿಲ್ಲಿಸಿ ಮಾತಾಡಿದ. ಪಾರ್ವತೆಮ್ಮ ತನ್ನ ಹಡೆದ ತಾಯಿಯ ಸಮ ಎಂದ. ಕಣ್ಣಲ್ಲಿ ನೀರು ಬಂತು. ಆ ಕಣ್ಣೀರು ಸುಳ್ಳಲ್ಲ ಎಂಬುದನ್ನೇ ವಾಹಿದಾಳಿಗೆ ತಾಳಲಾಗಲಿಲ್ಲ. ಒಳ್ಳೆಯದೆಂದು ಕಚ್ಚಿದ ಕಾಳಿನೊಳಗೆ ಹುಳ ಸಿಕ್ಕಂತೆ ಬಾಯೆಲ್ಲ ಕಹಿಯಾಯಿತು. ಅವನು ಕಣ್ಣು ಒರೆಸಿಕೊಂಡು ಕೈಗಡಿಯಾರ ನೋಡಿದ. ಒಂದು ಕಪ್ಪು ಚಹಾ ತಾನೇ ತಂದು ಸ್ಟೂಲಿನ ಹತ್ತಿರ ಇಟ್ಟ.

“ಮಂದಿ ಮನಸು ಭಾರ ಆಗ್ಯಾವ ತಂಗಿ. ಹಗುರ ಮಾಡು. ಎಲ್ಲಿಗೆ ಬಂದಿತ್ತು, ನಲವತ್ತಕ್ಕಲ್ಲಾ?”

ಅವಳು ಅಂದೂ ಹೇಳಿದಳು. ಏನು ಹೇಳಿದಳೆಂದು ಅವಳಿಗೇ ನೆನಪಿಲ್ಲ. ಸಂಜೆ ಅವನು ಪಾರ್ವತೆಮ್ಮನಿಗೆಂದು ಆರು ಬಾಳೆಹಣ್ಣು ಅವಳ ಕೈಯಲ್ಲಿ ಕೊಟ್ಟು ಕಳಿಸಿದ.

ಪಾರ್ವತೆಮ್ಮನ ಗುಡಿಸಲು ರೈಲು ಹಳಿಯ ಬದಿಗೆ. ಚಾಪೆಯ ಮೇಲೆ ಮಲಗಿದ್ದವಳ ತಲೆಯ ಹತ್ತಿರ ಒಂದು ಕೊಡ ನೀರು, ಒಂದು ಲೋಟ. ಗಂಟೆಗೊಂದು ಲೋಟ ಕುಡಿಯಬೇಕೆಂದು ದವಾಖಾನೆಯವರು ಹೇಳಿ ಕಳಿಸಿದ್ದರಂತೆ. ಮೂತ್ರದ ಚೀಲಕ್ಕೆ ಬೇನೆ ಹತ್ತಿತ್ತು.

“ಡಾಕ್ಟರು ಬೈದ್ರವ್ವಾ. ಇಂಥಾ ಬಿಸಲಾಗ ನೀರ ಕುಡೀಬೇಕಂತ ತಿಳಿಯಂಗಿಲ್ಲೇನು ಅಂತ.” ಅವಳು ನಾಚಿಕೊಂಡಂತೆ ನಕ್ಕಳು. “ತಿಳಿತದ. ಖರೇ, ನಡುವ ಎದ್ರ ಒಂದ್ ಪಾವಟಿಗಿ ತಪ್ತಿತ್ತಲ್ಲ. ಅದಿರ್ಲಿ, ಇವತ್ತ ಆ ಹುಡುಗಿ ನೀರ ಮುಟ್ಟಿದ್ಲೇನು?”

ವಾಹಿದಾಳ ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ ಹಾಗೇ ಇತ್ತು.

“ಇನ್ನ ಎಷ್ಟ ಅದಾವ?” ಪಾರ್ವತೆಮ್ಮ ಮತ್ತೆ ಕೇಳಿದಳು.

“ಏಳ ದೊಡ್ಡವ್ವ.”

“ಇನ್ನ ಏಳೇನು?”

“ಇನ್ನ ಅಲ್ಲ. ಮೊದ್ಲಿಂದ ಇದ್ದದ್ದ ಏಳ. ನಮ್ಮ ನಾನಿ ಏಳ ಹೇಳಿದ್ಲು.”

ಒಂದು ಗೂಡ್ಸು ಗಾಡಿ ಹೋಯಿತು. ಅದು ಹೋಗಿ ಮುಗಿಯುವ ತನಕ ಪಾರ್ವತೆಮ್ಮ ಅವಳನ್ನೇ ನೋಡುತ್ತಿದ್ದಳು. ಲೋಟದಲ್ಲಿನ ನೀರು ನಡುಗಿ ಮತ್ತೆ ಸುಮ್ಮನಾಯಿತು.

“ಉಳದದ್ದು ಯಾರು ಕಟ್ಟಿದ್ರು?”

ವಾಹಿದಾ ತಲೆ ಎತ್ತಲಿಲ್ಲ. ಪಾರ್ವತೆಮ್ಮ ಬೈಯಲಿಲ್ಲ. ನಿಧಾನಕ್ಕೆ ಗೋಡೆಯ ಕಡೆ ಹೊರಳಿ ಮಲಗಿದಳು.

“ಆ ಹಣ್ಣ ಒಯ್ಯವ್ವಾ,” ಅಂದಳು ಗೋಡೆಗೆ. “ನನಗ ಸೇರಂಗಿಲ್ಲ.”

ಹಳಿ ದಾಟುವಾಗ ವಾಹಿದಾ ಪೊಟ್ಟಣವನ್ನು ಕಸದ ಮೇಲೆ ಎಸೆದಳು. ಆಡೊಂದು ಬಂದು ಮೂಸಿತು. ಕೈ ಮೂಸಿಕೊಂಡರೆ ಕಮಟು ಸೇಂಗಾದ ವಾಸನೆ. ಕಾಳು ಮುಟ್ಟಿ ಒಂದು ತಿಂಗಳಾಗಿತ್ತು, ಆದರೂ ಬರುತ್ತಿತ್ತು. ಅಂದು ಅವಳಿಗೆ ಮಲಗಲಾಗಲಿಲ್ಲ. ಕಣ್ಣು ಮುಚ್ಚಿದರೆ ಬಾವಿ. ಮೇಲೆ ನೋಡಿದರೆ ಬಾಯಿ ಕಾಣದು, ಕೆಳಗೆ ನೋಡಿದರೆ ನೀರು ಕಾಣದು. ನಡುವೆ ಹುಡುಗಿ, ಕೊಡ ಹಿಡಿದುಕೊಂಡು.

ಮರುದಿನ ಎಲ್ಲರೂ ಕೂತಿದ್ದರು. ಸ್ಟೂಲಿನ ಹತ್ತಿರ ಚಹಾ ಇತ್ತು, ಕೆನೆಯ ಮೇಲೆ ಒಂದು ನೊಣ ಕೂತು ಕಾಲು ಉಜ್ಜುತ್ತಿತ್ತು. ಮಹಾಂತಯ್ಯ ಬಾಗಿಲಲ್ಲಿ. ವಾಹಿದಾ ಸ್ಟೂಲಿನ ಮೇಲೆ ಕೂರಲಿಲ್ಲ. ಸಾಲಿನಲ್ಲಿ ಪಾರ್ವತೆಮ್ಮನ ತಟ್ಟು ಖಾಲಿ ಇತ್ತು. ಅದರ ಹತ್ತಿರ ನಿಂತಳು.

“ಹುಡುಗಿ ಇಳದ್ಲು,” ಅಂದಳು. “ಕೆಳಗ ಯಾರೂ ಇರಲಿಲ್ಲ. ಬರೇ ನೀರ ಇತ್ತು. ಬೊಗಸಿ ತುಂಬ ಕುಡದ್ಲು. ಕೊಡ ತುಂಬಿಕೊಂಡ್ಲು. ಮ್ಯಾಲ ಬಂದ್ಲು. ಅವರವ್ವ ಕುಡದ್ಲು. ಮುಗೀತು.”

ಯಾರೂ ಹೂಂ ಅನ್ನಲಿಲ್ಲ. ಕೈಗಳು ಕಾಳಿನ ಮೇಲೆ ನಿಂತಿದ್ದವು. ಇಷ್ಟು ದಿನ ಕಾದದ್ದು ಇದಕ್ಕೇ ಏನು ಎಂಬಂತೆ ಕೆಲವರು ಅವಳ ಮುಖ ನೋಡಿದರು. ಆಮೇಲೆ ಜೈಬುನ್ನೀಸಾ ಮೊಣಕಾಲ ಮೇಲೆ ಕೈಯೂರಿ ಎದ್ದಳು.

“ಚಲೋ, ಮಿಲ್ಯಾ ಪಾನೀ,” ಅಂತೂ ನೀರು ಸಿಕ್ಕಿತು ಎಂದು ತನ್ನಷ್ಟಕ್ಕೆ ದಖ್ಖನಿಯಲ್ಲಿ ಅಂದುಕೊಂಡು ಅಂಗಳಕ್ಕೆ ಇಳಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮೂವರು. ಮಡಿಲಿನ ಹೊಟ್ಟು ಕೊಡವುತ್ತ, ಸೊಂಟ ಹಿಡಿದುಕೊಂಡು, ಸಾಲೇ ಎದ್ದಿತು.

“ನಿಮ್ಮ ನಾನಿ ಬರೇ ಒಂದ ಕಥಿ ಹೇಳಿರಂಗಿಲ್ಲ ತಂಗಿ,” ಎಂದ ಮಹಾಂತಯ್ಯ ಹತ್ತಿರ ಬಂದು. ದನಿ ಹಾಗೇ ಮೆತ್ತಗಿತ್ತು. ಕಣ್ಣು ಮಾತ್ರ ಅಂಗಳದಲ್ಲಿದ್ದವರ ಮೇಲೆ; ಎಣಿಸುವಂತೆ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. “ಇನ್ನೊಂದು ಇರ್ಬೇಕಲ್ಲ?”

ವಾಹಿದಾ ಅವನನ್ನು ದಾಟಿ ನಡೆದಳು. ಬೇವಿನ ಗಿಡದ ಕೆಳಗೆ ಅವಳ ಸರದಿ ಕೊನೆಗೆ ಬಂತು. ಆ ಹೊತ್ತಿಗೆ ಒಂದು ಹರವಿ ಖಾಲಿಯಾಗಿ, ಇನ್ನೊಂದರಲ್ಲಿ ಲೋಟ ತಳಕ್ಕೆ ತಾಗಿ ಸದ್ದು ಮಾಡುತ್ತಿತ್ತು. ಜೈಬುನ್ನೀಸಾ ಲೋಟ ತುಂಬಿ ಅವಳ ಕೈಗೆ ಕೊಟ್ಟಳು. ಮೊದಲ ಗುಟುಕನ್ನು ವಾಹಿದಾ ನಿನ್ನೆಯ ಕಹಿ ತೊಳೆಯುವಂತೆ ಬಾಯಲ್ಲೇ ಬಹಳ ಹೊತ್ತು ಮುಕ್ಕಳಿಸಿ ಗಿಡದ ಬುಡಕ್ಕೆ ಉಗುಳಿದಳು. ಎರಡನೆಯದನ್ನೂ ಉಗುಳಿದಳು. ಮೂರನೆಯದನ್ನು ಕಣ್ಣು ಮುಚ್ಚಿ ನುಂಗಿದಳು.