ಯೋನಪ್ಪ ಮಾಸ್ತರರ ಕಿಸೆಯ ಗಡಿಯಾರ

ಬಾಗಲಕೋಟೆಯ ಮಿಶನ್ ಸಾಲೆಯ ಯೋನಪ್ಪ ಮಾಸ್ತರರು ದೇವರ ಚಿತ್ತಕ್ಕೂ ನಿಮಿಷ ಗೊತ್ತುಮಾಡುತ್ತಿದ್ದರು. ‘ದೇವರ ಚಿತ್ತ ಇತ್ತಂದ್ರ ಹತ್ತು ಗಂಟೆ ಹನ್ನೆರಡು ನಿಮಿಷಕ್ಕ ಬರ್ತೇನಿ’ ಎಂದರೆಂದರೆ, ಹತ್ತು ಹನ್ನೆರಡಕ್ಕೆ ಅವರ ಕರಿ ಕೋಟು ನಮ್ಮ ಬಾಗಿಲಲ್ಲಿ ನಿಂತಿರುತ್ತಿತ್ತು. ಕೋಟಿನ ಎಡಗಿಸೆಯಲ್ಲಿ, ಬೆಳ್ಳಿಯ ಸರಪಳಿಯ ತುದಿಗೆ, ಗಡಿಯಾರವು ಗರ್ಭಗುಡಿಯ ಮೂರ್ತಿಯಂತೆ ವಿರಾಜಿಸುತ್ತಿತ್ತು. ದಿನಾ ಬೆಳಿಗ್ಗೆ ರೇಶಿಮೆ ಚಿಂದಿಯಿಂದ ಅದರ ಮುಖ ಒರೆಸಿ, ಕೀಲಿ ಕೊಟ್ಟು, ಕಿವಿಗಿಟ್ಟು ಆಲಿಸಿದ ಮೇಲೆಯೇ ಅವರ ಪ್ರಾರ್ಥನೆ. ರೈಲು ತಡವಾದರೆ ತಪ್ಪು ರೈಲಿನದು. ಸೂರ್ಯ ತಡವಾದರೆ ಸೂರ್ಯನದು.

ಸಾಲೆಗೆ ಸೂಟಿ ಇದ್ದ ದಿನ ಅವರು ಬಾದಾಮಿಗೆ ಹೋಗಿ, ಗುಹೆಗಳ ಕೆಳಗೆ ನಿಂತು, ಕಲ್ಲಿನ ದೇವರುಗಳ ಮೇಲೆ ಸರಿಯಾಗಿ ಇಪ್ಪತ್ತು ನಿಮಿಷ ಉಪದೇಶದ ದಂಡಯಾತ್ರೆ ನಡೆಸುತ್ತಿದ್ದರು. ಕೆಂಪು ಬಂಡೆಗಳು ಅರೆನಿದ್ದೆಯಲ್ಲಿ ಕೇಳಿಸಿಕೊಳ್ಳುತ್ತಿದ್ದವು. ಕೆಳಗೆ ಹೊಂಡದ ನೀರು ತೂಕಡಿಸುತ್ತಿತ್ತು. ಒಮ್ಮೆ ಎಲೆ ಮಾರುವ ಮುದಕಪ್ಪ, ‘ಮಾಸ್ತರ್ರ, ನಮ್ಮ ದೇವ್ರು ಗುಡ್ಡದಾಗ ಸುಮ್ಮನ ಕುಂತಾನ. ನಿಮ್ಮದು ಕಿಸೆದಾಗ ಕುಂತು ಹುಕುಂ ಮಾಡತೈತಿ ನೋಡ್ರಿ’ ಎಂದ. ಮಾಸ್ತರರು ಗಡಿಯಾರ ನೋಡಿದರು. ಇಪ್ಪತ್ತು ನಿಮಿಷ ಮುಗಿದಿತ್ತು.

ಐವತ್ತನಾಲ್ಕನೆಯ ಇಸವಿಯ ಸುಗ್ಗಿಯಲ್ಲಿ ಅವರ ಹೆಂಡತಿ ಹನ್ನವ್ವನಿಗೆ ವಿಷಮಜ್ವರ ಬಂತು. ಇನ್ನು ದೇವರಿದ್ದಾನೆ ಎಂದು ಡಾಕ್ಟರು ಎದ್ದುಹೋದರು. ಮಾಸ್ತರರು ಗಡಿಯಾರ ತೆಗೆದರು. ಮುಳ್ಳು ನಿಂತರೆ ಆಕೆಯ ಉಸಿರೂ ನಿಂತೀತೆಂಬಂತೆ, ಮಣಿಕಟ್ಟು ಹಿಡಿದು, ಕಣ್ಣು ಕೀಳದೆ ನಾಡಿ ಎಣಿಸಿದರು. ನಾಲ್ಕನೆಯ ದಿನ ಆಕೆಯೇ ಬಾಯಿಬಿಟ್ಟಳಂತೆ: ‘ಎಣಸೋದು ಸಾಕ್ರಿ. ಮೂರು ದಿನಾತು, ನನ್ನ ಮಾರಿ ನೋಡಿಲ್ಲ ನೀವು.’

ಮರುದಿನ ನಮ್ಮ ಚರ್ಚಿನಲ್ಲಿ ಸುಗ್ಗಿಯ ಹಬ್ಬ. ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಹುಂಜಗಳ ನಡುವೆ ಮಾಸ್ತರರು ಗಡಿಯಾರವನ್ನಿಟ್ಟು, ಇದೂ ಇನ್ನು ನಿನ್ನದು, ಅವಳೂ ನಿನ್ನವಳು ಎಂದು ಪ್ರಾರ್ಥಿಸಿದರು. ಆರಾಧನೆ ಮುಗಿದೊಡನೆ ಕಾಣಿಕೆಗಳನ್ನು ಅಂಗಳದಲ್ಲಿ ಲಿಲಾವು ಹಾಕಿ, ಹೆಚ್ಚು ಕೂಗಿದವರಿಗೆ ಮಾರುವುದು ನಮ್ಮ ರೂಢಿ. ಕೂಗುವ ಸಿಂಹಾಸನ ಈ ಬಡವನದು. ನಾನು ಗಡಿಯಾರ ಎತ್ತಿದ್ದೇ ತಡ, ಮೊದಲ ಸವಾಲು ಯೋನಪ್ಪ ಮಾಸ್ತರರದೇ! ಹುಂಜ ಕೊಳ್ಳಲು ಬಂದಿದ್ದ ಇಳಕಲ್ಲಿನ ಸೀರೆ ವ್ಯಾಪಾರಿ ಅಮೀನಸಾಬರು ಏರಿಸಿದರು. ಮಾಸ್ತರರು ಮತ್ತೂ ಏರಿಸಿದರು. ದೇವರಿಗೆ ಕೊಟ್ಟದ್ದನ್ನು ದೇವರಿಂದಲೇ ಕಸಿಯುವ ಆ ಮಹಾಸಮರವನ್ನು ನಾನು ಹಿಗ್ಗಿ ಹಿಗ್ಗಿ ಎಳೆದೆ. ಒಂದು ಸಾರಿ, ಎರಡು ಸಾರಿ…

ಅಮೀನಸಾಬರು ಮೆಲ್ಲಗೆ ಕೇಳಿದರು: ‘ಮಾಸ್ತರ್ರ, ಮನ್ಯಾಗ ಹ್ಯಾಂಗದಾರ?’

ಮಾಸ್ತರರ ಕೈ ಎಡಗಿಸೆಗೆ ಹೋಗಿ ಬರಿದೇ ಮರಳಿತು.

‘ಗೊತ್ತಿಲ್ಲರಿ’ ಎಂದರು. ಆ ಬಾಯಿಂದ ಆ ಮಾತನ್ನು ನಾನು ಕೇಳಿಯೇ ಇರಲಿಲ್ಲ. ‘ಅಕಿ ಉಳೀತಾಳೋ ಇಲ್ಲೋ ದೇವರಿಗೆ ಗೊತ್ತು. ನಾ ಅಕಿ ಕಡೆ ಹೋಗ್ತೇನಿ. ಗಡಿಯಾರ ನೀವ ತಗೋರಿ.’

ಮೂರನೆಯ ಸಾರಿ ಕೂಗದೆಯೇ ಗಡಿಯಾರವನ್ನು ಅಮೀನಸಾಬರ ಕೈಗಿಟ್ಟೆ. ಹತ್ತಿ ಹೊಲಗಳ ಬಿಳುಪಿನ ನಡುವೆ ಆ ಕರಿ ಕೋಟು, ಹೆಜ್ಜೆಯ ಲೆಕ್ಕ ತಪ್ಪಿ, ಕನಸಿನಲ್ಲೆಂಬಂತೆ ತೇಲಿಹೋಯಿತು. ಸಂಜೆ ಹೋಗಿ ಇಣುಕಿದೆ. ಆಕೆಯ ಕೈ ಅವರ ಕೈಯಲ್ಲಿತ್ತು. ಇಬ್ಬರೂ ನಿದ್ದೆ ಹೋಗಿದ್ದರು. ಹದಿನೈದು ದಿನಕ್ಕೆ ಜ್ವರ ಬಿಟ್ಟಿತು. ಎಷ್ಟು ಹೊತ್ತಿಗೆಂದು ಕೇಳಿದರೆ ಮಾಸ್ತರರಿಗೆ ಹೇಳಲಾಗಲಿಲ್ಲ.

ಪರರ ವಿಗ್ರಹ ಒಡೆಯಹೊರಟ ಶೂರರನ್ನು ಕಂಡು ನಾನು ಬಹಳ ನಕ್ಕವನು. ಆದರೆ ಅಂಥವನೊಬ್ಬ ತನ್ನದನ್ನು ಕೆಳಗಿಟ್ಟು, ತಡೆಯಲಾರದೆ ಮತ್ತೆ ಕೈಚಾಚಿ, ಮತ್ತೆ ಬಿಡುವುದನ್ನು ಹತ್ತಿರದಿಂದ ನೋಡಿದ ಮೇಲೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ದೇವರನ್ನು ನಂಬಿದ್ದೇವೆಂದು ಇಂಥವರು ಜೀವಮಾನವೆಲ್ಲ ಸಾರಿರುತ್ತಾರೆ. ನಂಬುವುದು ಮಾತ್ರ, ಹಿಡಿದುಕೊಳ್ಳಲು ಬೇರೇನೂ ಉಳಿಯದ ಯಾವುದೋ ಒಂದು ಮಧ್ಯಾಹ್ನ.